ಟೇಲ್‌ಸ್ಟಾಕಿನ ತೂತು, ಫೋರ್ಟಿನ ಗೋಡೆ

ಸಣ್ಣ ಲೇತಿಗೆ ವಯಸ್ಸಾಗಿದೆ ಎಂಬುದು ಎಷ್ಟೋ ಸಲ ಮೊದಲು ತಿಳಿಯುವುದು ಅದರ ಬಾಲದ ತುದಿಯಲ್ಲಿ. ಟರ್ನರ್ ಟೇಲ್‌ಸ್ಟಾಕಿಗೆ ಡ್ರಿಲ್ ಸಿಕ್ಕಿಸಿ ಹಿಂದಿನ ಚಕ್ರ ತಿರುಗಿಸುತ್ತಾನೆ. ಕಬ್ಬಿಣಕ್ಕೆ ಕಚ್ಚಿಕೊಂಡ ಡ್ರಿಲ್ ನಿಂತಲ್ಲಿ ನಿಲ್ಲದೆ, ಎದುರಿಗೆ ಸುತ್ತುತ್ತಿರುವ ಕೆಲಸದ ಜೊತೆ ತಾನೂ ತಿರುಗಿಬಿಡುತ್ತದೆ. ಕಿರ್ ಎಂದು ಒಂದು ಸದ್ದು, ಅಷ್ಟೆ. ಒಳಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ.

ಲೇತಿನ ಎಡಗಡೆಯ ಹೆಡ್‌ಸ್ಟಾಕ್ ತಿರುಗುತ್ತದೆ, ಬಲಗಡೆಯ ಟೇಲ್‌ಸ್ಟಾಕ್ ತಿರುಗುವುದಿಲ್ಲ. ಉದ್ದನೆಯ ಕಂಬಿಯ ಇನ್ನೊಂದು ತುದಿಗೆ ಆಸರೆ ಕೊಡುವುದು, ಡ್ರಿಲ್ ಹಿಡಿಯುವುದು ಅದರ ಕೆಲಸ. ಅದರೊಳಗಿನ ಕೊಳವೆಯಲ್ಲಿ, ಒಳಹೋದಂತೆ ತುಸುವೇ ಕಿರಿದಾಗುವ ಒಂದು ತೂತು ಇರುತ್ತದೆ. ಅದೇ ಟೇಪರ್. ಹರಿಹರದಿಂದ ಮುಂಬಯಿಯವರೆಗೆ ಯಾವ ವರ್ಕ್‌ಶಾಪಿನಲ್ಲೂ ಇದಕ್ಕೆ ಬೇರೆ ಹೆಸರಿಲ್ಲ. ಎರಡನೇ ನಂಬರಿನ ಟೇಪರಿಗೆ ಬಾಯಿ 17.78 ಮಿಲಿಮೀಟರ್, ಪ್ರತಿ 20 ಮಿಲಿಮೀಟರ್ ಉದ್ದಕ್ಕೆ ವ್ಯಾಸ ಒಂದು ಮಿಲಿಮೀಟರಿನಷ್ಟು ಇಳಿಯುತ್ತದೆ. ಅದೇ ಇಳಿಜಾರಿನ ಬಾಲವುಳ್ಳ ಸೆಂಟರನ್ನೋ ಡ್ರಿಲ್ಲನ್ನೋ ಕೈಯಿಂದ ಒತ್ತಿದರೆ ಸಾಕು, ಕಚ್ಚಿಕೊಳ್ಳುತ್ತದೆ. ಸ್ಕ್ರೂ ಇಲ್ಲ, ಕೀಲಿ ಇಲ್ಲ. ಹಿಡಿದಿಡುವುದು ಬರೀ ಘರ್ಷಣೆ. ಆದ್ದರಿಂದ ಎರಡೂ ಮೈ ಪೂರ್ತಿ ತಾಗಬೇಕು. ಒಮ್ಮೆ ಜಾರಿದ ಡ್ರಿಲ್ ಒಳಗೋಡೆಯಲ್ಲಿ ಗೀರು ಎಳೆಯುತ್ತದೆ, ಗೀರಿನ ಅಂಚಿನಲ್ಲಿ ಲೋಹ ಉಬ್ಬುತ್ತದೆ, ಮುಂದೆ ಹಾಕಿದ್ದೆಲ್ಲ ಆ ಉಬ್ಬಿನ ಮೇಲೆ ಕೂತು ಅಲುಗುತ್ತದೆ.

ಈ ತೂತಿಗೆ ಒಂದು ಚರಿತ್ರೆಯಿದೆ. ಅದನ್ನು ಹೇಳಲು ಮುಂಬಯಿಯ ಫೋರ್ಟ್ ತಕ್ಕ ಜಾಗ.

ಫೋರ್ಟಿನ ಸಮುದ್ರದಂಚಿನಲ್ಲಿ ವಾಡಿಯಾ ಮನೆತನದವರು ಹಡಗು ಕಟ್ಟಿದ ಡಾಕ್‌ಯಾರ್ಡ್ ಇದೆ. ಆ ಮನೆತನದ ಅರ್ದೇಶಿರ್ ಕರ್ಸೆಟ್‌ಜಿ 1841ರಲ್ಲಿ ಬಾಂಬೆ ಸ್ಟೀಮ್ ಫ್ಯಾಕ್ಟರಿಯ ಮುಖ್ಯ ಎಂಜಿನಿಯರ್ ಆದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯರೂ ಆದರು. ಅವರ ಕೈಕೆಳಗೆ ಯುರೋಪಿಯನ್ನರು ದುಡಿಯಬೇಕಿತ್ತು. ಇದು ಸರಿಯೇ ಎಂದು ಊರಿನ ಇಂಗ್ಲಿಷ್ ಪತ್ರಿಕೆ ತಕರಾರು ತೆಗೆಯಿತು. ಆದರೆ ಮೇಲಧಿಕಾರಿ ಯಾರೇ ಇರಲಿ, ಅಂದಿನ ಕಾರ್ಖಾನೆಗಳಿಗೆ ಇನ್ನೊಂದು ತಲೆನೋವಿತ್ತು. ಒಂದು ಯಂತ್ರದ ಬೋಲ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸ್ಕ್ರೂಗಳಿಗೆಲ್ಲ ಒಂದೇ ಅಳತೆ ಬೇಕೆಂದು ಪ್ರಬಂಧ ಮಂಡಿಸಿದ್ದೂ 1841ರಲ್ಲೇ. ಟೇಪರಿಗೆ ಅಂಥ ಅಳತೆ ಬರಲು ಇನ್ನೂ ಎರಡು ದಶಕ ಇತ್ತು. ಅಲ್ಲಿಯವರೆಗೆ ಸವೆದ ತೂತಿಗೆ ಮದ್ದೆಂದರೆ, ಆ ಒಂದು ತೂತಿಗೆಂದೇ ಹೊಸ ಬಾಲವೊಂದನ್ನು ತಿರುವಿ ಹೊಂದಿಸುವುದು.

ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಟೀಫನ್ ಮೋರ್ಸ್ 1863ರಲ್ಲಿ ಟ್ವಿಸ್ಟ್ ಡ್ರಿಲ್ಲಿಗೆ ಪೇಟೆಂಟ್ ಪಡೆದ. ಮರುವರ್ಷ ನ್ಯೂ ಬೆಡ್‌ಫರ್ಡ್ ಎಂಬ ಬಂದರಿನಲ್ಲಿ ಅವನ ಕಂಪನಿ ಹುಟ್ಟಿತು. ಅವನ ಡ್ರಿಲ್ಲಿನ ಬಾಲದ ಇಳಿಜಾರೇ ಮೋರ್ಸ್ ಟೇಪರ್. ಆಗ ಅಲ್ಲಿ ಅಂತರ್ಯುದ್ಧ. ಅಮೆರಿಕದ ಹತ್ತಿ ನಿಂತುಹೋಗಿ ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಆ ಹಣದ ಅಮಲಿನ ವರ್ಷಗಳಲ್ಲೇ ಗವರ್ನರ್ ಬಾರ್ಟಲ್ ಫ್ರಿಯರ್ ಫೋರ್ಟಿನ ಗೋಡೆಗಳನ್ನು ಕೆಡವಿಸಿದ. ಫೋರ್ಟ್ ಎಂಬ ಹೆಸರು ಉಳಿಯಿತು, ಕೋಟೆ ಹೋಯಿತು.

ಮೋರ್ಸನ ಅಳತೆಯಲ್ಲೊಂದು ತಮಾಷೆಯಿದೆ. ಅಡಿಗೆ ಸುಮಾರು ಐದೆಂಟಾಂಶ ಅಂಗುಲ, ಅಂದರೆ 0.625, ಇಳಿಯಬೇಕಾದದ್ದು ಯಾವ ನಂಬರಿನಲ್ಲೂ ಸರಿಯಾಗಿ ಅಷ್ಟಿಲ್ಲ. ಎರಡನೆಯದರಲ್ಲಿ 0.59941, ಮೂರನೆಯದರಲ್ಲಿ 0.60235, ಐದನೆಯದರಲ್ಲಿ 0.63151. ಇಷ್ಟು ವಕ್ರವಾಗಿದ್ದರೂ ಯಾರೂ ಅದನ್ನು ನೆಟ್ಟಗೆ ಮಾಡಹೋಗಲಿಲ್ಲ. ಬಳಕೆಗೆ ಬಂದ ಕಾಗುಣಿತವನ್ನು ತಿದ್ದುವುದು ಎಷ್ಟು ಕಷ್ಟವೋ ಇದೂ ಅಷ್ಟೇ. ಇವತ್ತಿನ ಐಎಸ್‌ಒ 296 ಮಾನಕದಲ್ಲೂ ಆ ವಕ್ರತೆ ಹಾಗೇ ಇದೆ.

ಕನ್ನಡ ನಾಡಿನ ಲೇತಿನ ಬೇರಿನ ಒಂದು ಕವಲೂ ಫೋರ್ಟಿನಲ್ಲೇ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಲೆ ಕಲಿಯಲು ಇಲ್ಲಿನ ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಬಂದರು. ಬಣ್ಣ ಗುರುತಿಸುವುದರಲ್ಲಿ ಕಣ್ಣಿಗೆ ದೋಷವಿತ್ತು; ಬಣ್ಣ ಬಿಟ್ಟು ಯಂತ್ರಗಳ ರೇಖಾಚಿತ್ರಕ್ಕೆ ಹೊರಳಿದರು. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದರು, ಸಿಗಬೇಕಾದ ಬಡ್ತಿ ಸಿಗದೆ ಬೆಳಗಾವಿಗೆ ಮರಳಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿ ಲೇತ್ ಮಾಡತೊಡಗಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಅದರ ಲೇತುಗಳು ಮಾತ್ರ ಇನ್ನೂ ಓಡುತ್ತಿವೆ. ಗೇರು ಮುರಿದರೆ ಮಾಲೀಕ ಗುಜರಿ ಸುತ್ತಬೇಕು, ಇಲ್ಲವೇ ಹೊಸದಾಗಿ ಕಡಿಸಬೇಕು. ಟೇಲ್‌ಸ್ಟಾಕಿನ ತೂತು ಹೋದರೆ ಹಾಗಲ್ಲ. ಆ ಅಳತೆ ಯಾವ ಕಂಪನಿಯ ಸ್ವತ್ತೂ ಅಲ್ಲ. ಕ್ರಾಫರ್ಡ್ ಮಾರ್ಕೆಟ್ಟಿನಾಚೆಯ ನಾಗದೇವಿ ಸ್ಟ್ರೀಟಿನ ಟೂಲ್ ಅಂಗಡಿಯಲ್ಲಿ ನಂಬರ್ ಹೇಳಿ ಟೇಪರ್ ರೀಮರ್ ಕೇಳಿದರೆ ಸಾಕು. ಲೇತ್ ಹರಿಹರದ್ದೇ, ಇಂಗ್ಲೆಂಡಿನ ಮೈಫೋರ್ಡೇ ಎಂದು ಅಂಗಡಿಯವನಿಗೆ ತಿಳಿಯಬೇಕಾಗಿಲ್ಲ.

ರಿಪೇರಿಗೆ ಮೊದಲು ಒಂದು ಅರ. ಕೊಳವೆಯ ತುದಿಗೆ ಅರ ಉಜ್ಜಿದಾಗ ಕಚ್ಚದೆ ಜಾರಿದರೆ ಅದು ಹದಗೊಟ್ಟ ಗಟ್ಟಿ ಉಕ್ಕು. ರೀಮರ್ ಅಲ್ಲಿ ನಡೆಯದು, ಗ್ರೈಂಡಿಂಗ್ ಮಾಡುವವರ ಬಳಿಗೇ ಹೋಗಬೇಕು. ಅರ ಕಚ್ಚಿದರೆ ತೂತನ್ನು ತೊಳೆದು ಒರೆಸಿ, ರೀಮರಿಗೆ ಎಣ್ಣೆ ಹಚ್ಚಿ, ಕೈಯಿಂದಲೇ ನಿಧಾನವಾಗಿ ಮುಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಅಲಗು ಮೊಂಡಾಗುತ್ತದೆ. ಉಬ್ಬುಗಳು ಹೋದರೆ ಸಾಕು, ಗೀರಿನ ತಳ ಮುಟ್ಟುವ ಆಸೆ ಬೇಡ. ವ್ಯಾಸ 0.05 ಮಿಲಿಮೀಟರ್ ಹಿಗ್ಗಿದರೂ ಸೆಂಟರ್ ಒಂದು ಮಿಲಿಮೀಟರ್ ಒಳಕ್ಕೆ ಇಳಿಯುತ್ತದೆ. ಒಳಗಿನ ಸ್ಕ್ರೂ ಅದನ್ನು ಅಷ್ಟು ಬೇಗ ಹೊರದಬ್ಬುತ್ತದೆ, ಕೊಳವೆಯ ಓಟ ಅಷ್ಟು ಕಡಿಮೆಯಾಗುತ್ತದೆ. ಹಳೆಯ ಸೆಂಟರಿಗೇ ಎಮರಿ ಪುಡಿ ಬಳಿದು ತೂತಿನಲ್ಲಿ ತಿಕ್ಕುವವರೂ ಇದ್ದಾರೆ. ಅದರಿಂದ ತೂತು, ಸೆಂಟರ್ ಎರಡೂ ಹಾಳು. ಗೀರು ತೀರ ಆಳವಾಗಿದ್ದರೆ ತೂತನ್ನು ದೊಡ್ಡದು ಮಾಡಿ ಸ್ಲೀವ್ ಕೂರಿಸುವುದೇ ದಾರಿ.

ಕೊನೆಗೆ ಹೊಸ ಸೆಂಟರಿನ ಬಾಲಕ್ಕೆ ಪ್ರಶಿಯನ್ ಬ್ಲೂ ತೆಳ್ಳಗೆ ಹಚ್ಚಿ, ತೂತಿಗೆ ಒತ್ತಿ, ತುಸು ತಿರುಗಿಸಿ ತೆಗೆಯಬೇಕು. ನೀಲಿ ಒಂದು ತುದಿಯಲ್ಲಷ್ಟೇ ಉಜ್ಜಿಹೋಗಿದ್ದರೆ ಇನ್ನೂ ಕೆಲಸ ಬಾಕಿ. ಉದ್ದಕ್ಕೂ ಒಂದೇ ಸಮ ಅಳಿಸಿದ್ದರೆ ಎಲ್ಲ ಒರೆಸಿ, ಸೆಂಟರನ್ನು ಅಂಗೈಯಿಂದ ಒಮ್ಮೆ ಒತ್ತಿಬಿಟ್ಟರೆ ಆಯಿತು. ಆಮೇಲೆ ಅದನ್ನು ಬಿಡಿಸಲು ಚಕ್ರವನ್ನು ಹಿಂದಕ್ಕೆ ಪೂರ್ತಿ ತಿರುಗಿಸಬೇಕು.