ಕುಸನಗಿ

ಜಪಾನಿನ ಪುರಾಣಪ್ರಸಿದ್ಧ ಖಡ್ಗದ ಹೆಸರು. ‘ಕುಸ’ ಎಂದರೆ ಹುಲ್ಲು, ‘ನಗಿ’ ಎಂದರೆ ಸವರಿಹಾಕುವುದು. ಎಂಟು ತಲೆಯ ಸರ್ಪವನ್ನು ಕೊಂದ ಸುಸನೊಒ ದೇವನಿಗೆ ಅದರ ಬಾಲದೊಳಗೆ ಈ ಕತ್ತಿ ಸಿಕ್ಕಿತಂತೆ. ಆಗಿನ ಹೆಸರು ‘ಅಮೆ ನೊ ಮುರಕುಮೊ’, ಬಾನಲ್ಲಿ ಕವಿದ ಮೋಡ. ಮುಂದೆ ವೈರಿಗಳು ಹುಲ್ಲುಗಾವಲಿಗೆ ಬೆಂಕಿಯಿಟ್ಟಾಗ ರಾಜಕುಮಾರ ಯಮತೊ ತಕೆರು ಸುತ್ತಲಿನ ಹುಲ್ಲನ್ನು ಇದರಿಂದ ಸವರಿ ಪಾರಾದ. ಹೊಸ ಹೆಸರು ನಿಂತಿತು. ‘ಕುಸ’ಕ್ಕೆ ನಾತ, ‘ನಗಿ’ಗೆ ಹಾವು ಎಂದು ಅರ್ಥ ಹಚ್ಚಿ, ಹೆಸರನ್ನು ಸರ್ಪದ ಕಥೆಗೇ ಜೋಡಿಸುವವರೂ ಇದ್ದಾರೆ.

ನಗೋಯಾದ ಅತ್ಸುತ ಶಿಂಟೋ ಗುಡಿಯಲ್ಲಿ ಈ ಖಡ್ಗಕ್ಕೇ ಪೂಜೆ. ಭಕ್ತರಿಗೆ ಮಾತ್ರ ಅದರ ದರ್ಶನವಿಲ್ಲ. 2019ರಲ್ಲಿ ಚಕ್ರವರ್ತಿ ನರುಹಿತೊ ಪಟ್ಟವೇರಿದಾಗ ರಾಜಲಾಂಛನವಾಗಿ ತಂದದ್ದು ಅರಮನೆಯಲ್ಲಿರುವ ಪ್ರತಿರೂಪ. ಕುಸನಗಿ ಮನೆತನದ ಹೆಸರಾಗಿಯೂ ಬಳಕೆಯಲ್ಲಿದೆ: ‘ಘೋಸ್ಟ್ ಇನ್ ದ ಶೆಲ್’ ಕಥೆಯ ನಾಯಕಿ ಮೊತೊಕೊ ಕುಸನಗಿ.