ಪಶ್ಚಿಮ ಜರ್ಮನಿಯ ‘ಅತಿಥಿ ಕಾರ್ಮಿಕರು’

ಎರಡನೆಯ ಮಹಾಯುದ್ಧಾನಂತರದ ಯೂರೋಪಿನ ಆರ್ಥಿಕ ಇತಿಹಾಸದಲ್ಲಿ ಪಶ್ಚಿಮ ಜರ್ಮನಿಯು ಹೊರದೇಶಗಳಿಂದ ಕಾರ್ಮಿಕರನ್ನು ಬರಮಾಡಿಕೊಂಡ ಪ್ರಕರಣವು ವಿಶೇಷ ಪರಾಮರ್ಶೆಗೆ ಅರ್ಹವಾದುದು. ತಾತ್ಕಾಲಿಕವೆಂದು ಕೈಗೊಂಡ ಏರ್ಪಾಡು ಶಾಶ್ವತ ವಲಸೆಯಾಗಿ ಪರಿಣಮಿಸಿದ್ದು ಹೇಗೆಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು.

1955ರ ಡಿಸೆಂಬರಿನಲ್ಲಿ ಇಟಲಿಯೊಡನೆ ಮೊದಲ ಒಪ್ಪಂದವಾಯಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ತುರ್ಕಿ, 1964ರಲ್ಲಿ ಪೋರ್ಚುಗಲ್, 1968ರಲ್ಲಿ ಯುಗೋಸ್ಲಾವಿಯ ದೇಶಗಳೊಡನೆ ಇಂತಹವೇ ಒಪ್ಪಂದಗಳು ಏರ್ಪಟ್ಟವು. 1961ರ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಪೂರ್ವ ಜರ್ಮನಿಯಿಂದ ಬರುತ್ತಿದ್ದ ದುಡಿಮೆಗಾರರ ಪ್ರವಾಹವು ನಿಂತುಹೋಗಿ, ಆಳುಗಳ ಅಭಾವವು ಮತ್ತಷ್ಟು ತೀವ್ರವಾಯಿತು. 1964ರ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷದನೆಯ ಅತಿಥಿ ಕಾರ್ಮಿಕನೆಂದು ಪೋರ್ಚುಗಲಿನ ಬಡಗಿಯೊಬ್ಬನನ್ನು ಕೊಲೋನ್ ನಗರದ ರೈಲು ನಿಲ್ದಾಣದಲ್ಲಿ ಸ್ವಾಗತಿಸಿ ಮೊಪೆಡ್ ಒಂದನ್ನು ಕಾಣಿಕೆಯಾಗಿ ಕೊಡಲಾಯಿತು.

‘ಅತಿಥಿ’ ಎಂಬ ಹೆಸರೇ ಆ ನೀತಿಯ ಆಶಯವನ್ನು ಸೂಚಿಸುತ್ತದೆ. ಅತಿಥಿಯು ತನ್ನ ಮನೆಗೆ ಹಿಂದಿರುಗತಕ್ಕವನು. ತುರ್ಕಿಯೊಡನೆ ಆದ ಒಪ್ಪಂದವು ವಾಸದ ಅವಧಿಯನ್ನು ಎರಡು ವರ್ಷಗಳಿಗೆ ಮಿತಗೊಳಿಸಿದ್ದಿತು. ಒಬ್ಬನು ಹೋದಂತೆ ಮತ್ತೊಬ್ಬನು ಬರಬೇಕೆಂಬುದು ಅದರ ತಾತ್ಪರ್ಯ. ಈ ಸರದಿಯ ಪದ್ಧತಿಯನ್ನು ಕಾರ್ಖಾನೆಗಳ ಮಾಲೀಕರೇ ವಿರೋಧಿಸಿದರೆಂಬುದು ಗಮನಾರ್ಹ. ಕೆಲಸ ಕಲಿತವನನ್ನು ಕಳುಹಿಸಿಬಿಟ್ಟು ಹೊಸಬನಿಗೆ ಮೊದಲಿನಿಂದ ಕಲಿಸುವುದು ಅವರಿಗೆ ನಷ್ಟದ ಬಾಬತ್ತಾಗಿತ್ತು. 1964ರಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು.

1973ರ ನವೆಂಬರಿನಲ್ಲಿ, ತೈಲದ ಬಿಕ್ಕಟ್ಟಿನ ನಡುವೆ, ಸರ್ಕಾರವು ಈ ನೇಮಕವನ್ನು ನಿಲ್ಲಿಸಿತು. ಆಗ ಅಲ್ಲಿ ಸುಮಾರು 26 ಲಕ್ಷ ವಿದೇಶೀ ಕಾರ್ಮಿಕರಿದ್ದರು. ಬಳಿಕ ಕಾರ್ಮಿಕರ ಸಂಖ್ಯೆಯೇನೋ ಇಳಿಯಿತು. ಆದರೆ ವಿದೇಶೀಯರ ಒಟ್ಟು ಸಂಖ್ಯೆಯು ಸುಮಾರು 40 ಲಕ್ಷದಿಂದ 1980ರ ವೇಳೆಗೆ ಸುಮಾರು 45 ಲಕ್ಷಕ್ಕೆ ಏರಿತು. ಈ ವೈಪರೀತ್ಯಕ್ಕೆ ಕಾರಣವೇನು? ಯೂರೋಪಿನ ಆರ್ಥಿಕ ಸಮುದಾಯಕ್ಕೆ ಸೇರಿದ ಇಟಲಿಯವನು ಊರಿಗೆ ಹೋಗಿ, ಬೇಕಾದಾಗ ಮರಳಿ ಬರಬಹುದಾಗಿತ್ತು. ತುರ್ಕಿಯವನಾದರೋ ಒಮ್ಮೆ ಹೊರಟರೆ ಪುನಃ ಪ್ರವೇಶ ದೊರೆಯುವ ಭರವಸೆ ಇರಲಿಲ್ಲ. ಆದುದರಿಂದ ಆತನು ಅಲ್ಲಿಯೇ ನಿಂತು ಹೆಂಡತಿ ಮಕ್ಕಳನ್ನು ಕರೆಸಿಕೊಂಡನು. 1983ರ ಕಾನೂನಿನ ಮೇರೆಗೆ ಹಿಂದಿರುಗುವವರಿಗೆ 10,500 ಮಾರ್ಕುಗಳ ಸಹಾಯಧನವನ್ನು ಗೊತ್ತುಮಾಡಿದಾಗ ಹಲವರು ಮರಳಿದರೂ ಬಹುಸಂಖ್ಯಾತರು ಅಲ್ಲಿಯೇ ಉಳಿದರು.

ಬರುವ ದಾರಿಯನ್ನು ಮುಚ್ಚಿದ ನೀತಿಯೇ ಹೋಗುವ ದಾರಿಯನ್ನೂ ಮುಚ್ಚಿತೆಂಬುದು ಇದರಿಂದ ವಿಶದವಾಗುತ್ತದೆ. ಜರ್ಮನಿಯಲ್ಲಿ ಹುಟ್ಟಿದ ವಿದೇಶೀಯರ ಮಕ್ಕಳಿಗೆ ಕೆಲವು ನಿಬಂಧನೆಗಳಿಗೊಳಪಟ್ಟು ಜನ್ಮದಿಂದಲೇ ಪೌರತ್ವವನ್ನು ಕೊಡುವ ಶಾಸನವು 2000ದಲ್ಲಿ ಜಾರಿಗೆ ಬಂದಿತು. ಮೊದಲ ಒಪ್ಪಂದವಾಗಿ ಆಗಲೇ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂದಿತ್ತು.