ಕಂಟ್ರೋಲ್ ಫೋನಿನ ಸುದ್ದಿ

ತಲಘಟ್ಟಪುರಕ್ಕೆ ರೈಲು ಬಂದದ್ದು 2021ರ ಜನವರಿಯಲ್ಲಿ, ಅದೂ ಕಂಬಗಳ ಮೇಲೆ. ಯಲಚೇನಹಳ್ಳಿಗೆ ನಿಂತಿದ್ದ ಹಸಿರು ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಅದಕ್ಕೆ ಮೊದಲು ಕನಕಪುರ ರಸ್ತೆಯ ಪಾಲಿಗೆ ರೈಲೆಂದರೆ ನಕ್ಷೆಯ ಮೇಲಿನ ಗೆರೆ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1996–97ರಲ್ಲೇ ಮಂಜೂರಾಗಿತ್ತು. ಹಳಿ ಮಾತ್ರ ಬೀಳಲಿಲ್ಲ. ನಾನು ರಿಟೈರಾಗಿ ಇಲ್ಲಿ ಮನೆ ಮಾಡಿದಾಗ, "ಸ್ಟೇಷನ್ ಮಾಸ್ಟರಾಗಿದ್ದವನು ಹಳಿಯೇ ಇಲ್ಲದ ಊರು ಹುಡುಕಿಕೊಂಡೆಯಲ್ಲಯ್ಯ" ಎಂದು ಜೊತೆಯವರು ನಕ್ಕರು.

ನನ್ನ ಸರ್ವಿಸೆಲ್ಲ ಕಳೆದದ್ದು ಬೆಂಗಳೂರು–ಮೈಸೂರು ಲೈನಿನಲ್ಲಿ. 1877ರ ಬರಗಾಲದಲ್ಲಿ ಹೊಟ್ಟೆಗಿಲ್ಲದ ಜನ ಮಣ್ಣು ಹೊತ್ತು ಏರಿ ಹಾಕಿದ ದಾರಿ ಅದು. 1881ರಲ್ಲಿ ಚನ್ನಪಟ್ಟಣದವರೆಗೆ, ಮರುವರ್ಷ ಮೈಸೂರಿಗೆ ಮೀಟರ್ ಗೇಜ್ ಗಾಡಿ ಓಡಿತು. ಆಮೇಲೆ ಇದಕ್ಕೆ ಎಷ್ಟು ಯಜಮಾನರು! ಕೆಲವೇ ವರ್ಷಗಳಲ್ಲಿ ಸದರ್ನ್ ಮರಾಠಾ ಕಂಪನಿಯ ಕೈಗೆ ಹೋಯಿತು. 1919ರಲ್ಲಿ ಮೈಸೂರು ಸಂಸ್ಥಾನ ವಾಪಸು ಪಡೆಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿ ಮದರಾಸಿನ ಕಡೆ ಮುಖ ಮಾಡಿತು. ಕೇಂದ್ರ ಕಚೇರಿ ಬೆಂಗಳೂರಿಗೋ ಹುಬ್ಬಳ್ಳಿಗೋ ಎಂಬ ಜಗ್ಗಾಟ ಮುಗಿದು ನೈಋತ್ಯ ರೈಲ್ವೆ ಹುಬ್ಬಳ್ಳಿಯಲ್ಲಿ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ಬಿಸಿಲಲ್ಲಿ ಹಳಿ ತಟ್ಟುವ ಗ್ಯಾಂಗ್‌ಮನ್‌ಗೆ ಇದರಿಂದ ಬದಲಾದದ್ದು ಸಂಬಳದ ಚೀಟಿಯ ನೆತ್ತಿಯ ಮೇಲಿನ ಹೆಸರು, ಅಷ್ಟೆ.

ಅವನಿಗೆ ಬೇಕಾದ ಸುದ್ದಿ ಬೇರೆ. ಯಾರಿಗೆ ವರ್ಗ, ಯಾರ ಹೆಂಡತಿಗೆ ಹೆರಿಗೆ, ಯಾವ ಇನ್‌ಸ್ಪೆಕ್ಟರು ಯಾವ ಗಾಡಿಗೆ ಹತ್ತಿದ್ದಾರೆ? ಇದನ್ನು ಹೊತ್ತದ್ದು ಕಂಟ್ರೋಲ್ ಫೋನು. ಕೆಂಗೇರಿ, ಬಿಡದಿ, ಶೆಟ್ಟಿಹಳ್ಳಿ, ಹನಕೆರೆ, ಎಲಿಯೂರು, ಎಲ್ಲ ಸ್ಟೇಷನ್ನೂ ಒಂದೇ ತಂತಿಯಲ್ಲಿ. ಗಾಡಿ ಹೊರಟ ಹೊತ್ತು ಹೇಳಲೆಂದು ಇಟ್ಟದ್ದನ್ನು ಎತ್ತಿ ಕಿವಿಗಿಟ್ಟರೆ ಲೈನಿನ ಮಾತೆಲ್ಲ ಕೇಳುತ್ತದೆ. ಕೊನೆಯ ಪ್ಯಾಸೆಂಜರ್ ದಾಟಿ, ಗೂಡ್ಸ್ ಬರಲು ಇನ್ನೂ ಹೊತ್ತಿದ್ದಾಗ ಮಾತು ಸುರುವಾಗುತ್ತಿತ್ತು. "ಮಾಸ್ಟ್ರೇ, ನಿಮ್ಮ ಹುಡುಗನ ರಿಸಲ್ಟ್ ಏನಾಯ್ತು?" ಎಂದು ಯಾರೋ ಕೇಳಿದರೆ ಉತ್ತರ ಕೊಡುವವರು ಮೂರು ಜನ. ನಡುವೆ ಕಂಟ್ರೋಲರ್ ಗದರಿದರೆ ಎಲ್ಲರೂ ಗಪ್‌ಚಿಪ್. ತಮಾಷೆ ಅಂದರೆ, ಅದೇ ಬಾಯಿ ಕೆಲಸದ ಮಾತಿಗೆ ಬಂದಾಗ ಒಂದಕ್ಷರ ಹೆಚ್ಚು ಆಡುವುದಿಲ್ಲ. ಗೇಟು ಮುಚ್ಚಿದ್ದೇನೆ ಎಂದು ಗೇಟ್‌ಮನ್ ಬರೀ ಬಾಯಲ್ಲಿ ಹೇಳಿದರೆ ಸಾಲದು. ಮುದ್ರಿತ ಹಾಳೆಯಿಂದ ಎರಡಂಕಿಯ ಪ್ರೈವೇಟ್ ನಂಬರ್ ಕೊಡಬೇಕು, ಅದನ್ನು ನಾವು ಬರೆದುಕೊಂಡು ಆ ಮೇಲೆ ಸಿಗ್ನಲ್.

ಸುದ್ದಿ ಓದಲು ಇನ್ನೊಂದು ಜಾಗ ಪ್ಲಾಟ್‌ಫಾರ್ಮ್. ಗಾರ್ಡು, ಡ್ರೈವರುಗಳ ಕಬ್ಬಿಣದ ಲೈನ್ ಬಾಕ್ಸು ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಒಳಗೆ ಬಾವುಟ, ಕೈದೀಪ, ಡಿಟೋನೇಟರು, ರೂಲ್ ಬುಕ್ಕು, ಕೆಲವರದರಲ್ಲಿ ಉಪ್ಪಿನಕಾಯಿ ಭರಣಿ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಹೆಡ್‌ಕ್ವಾರ್ಟರ್ಸು. ಹಳೆ ಹೆಸರಿನ ಮೇಲೆ ಕಪ್ಪು ಬಳಿದು ಹೊಸದು ಬರೆದಿದ್ದರೆ ಸರ್ಕ್ಯುಲರ್ ಬರುವ ಮೊದಲೇ ಪ್ರಮೋಷನ್ನು ಯಾರದೆಂದು ತಿಳಿಯುತ್ತಿತ್ತು.

ಸಂಬಳವೂ ಗಾಡಿಯಲ್ಲೇ ಬರುತ್ತಿತ್ತು. ಪೇ ಕ್ಲರ್ಕು ನೋಟಿನ ಪೆಟ್ಟಿಗೆ, ಬಂದೂಕಿನ ಕಾವಲು ಸಮೇತ ಇಳಿದರೆ ಗ್ಯಾಂಗಿನವರು ಮೇಸ್ತ್ರಿಯ ಹಿಂದೆ ನಿಂತು ಹೆಬ್ಬೆಟ್ಟು ಒತ್ತಿ ಎಣಿಸಿಕೊಳ್ಳುವರು. ಬೇಲಿಯಾಚೆ ಕಿರಾಣಿಯವನು, ಬಡ್ಡಿಯವನು ಕಾದಿರುತ್ತಿದ್ದರು. ಕೆಲವರ ಹಣ ಬೇಲಿ ದಾಟಿ ಮನೆ ಮುಟ್ಟುತ್ತಿರಲಿಲ್ಲ. ಇದನ್ನು ಕಂಡೇ ಇರಬೇಕು, ಸಂಬಳದ ದಿನ ಹೆಂಗಸರೂ ಸ್ಟೇಷನ್ನಿಗೆ ಬರುತ್ತಿದ್ದರು.

1974ರ ಮೇ 8ಕ್ಕೆ ಶುರುವಾದ ದೇಶವ್ಯಾಪಿ ಮುಷ್ಕರದ ಹೊತ್ತಿಗೆ ನಾನಿನ್ನೂ ಸೇರಿರಲಿಲ್ಲ. ಅದು ಇಪ್ಪತ್ತು ದಿನ ನಡೆಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು, 1977ರಲ್ಲಿ ಸರ್ಕಾರ ಬದಲಾದ ಮೇಲೆ ವಾಪಸು ಬಂದರು. ನಾನು ಸೇರಿದಾಗ ಅದರ ಗಾಯ ಹಸಿಯಾಗಿಯೇ ಇತ್ತು. ಮುಷ್ಕರಕ್ಕೆ ಹೋಗದೆ ಡ್ಯೂಟಿ ಮಾಡಿದವರಿಗೆ 'ಲಾಯಲ್' ಎಂಬ ಹೆಸರು ಅಂಟಿತ್ತು. ಕ್ವಾರ್ಟರ್ಸಿನ ಸಾಲಿನಲ್ಲಿ ಅಂಥ ಮನೆಯ ಮದುವೆಗೆ ಅಕ್ಕಪಕ್ಕದವರೇ ಹೋಗದ್ದನ್ನು ಕಂಡಿದ್ದೇನೆ. ಇದನ್ನು ಮಾತ್ರ ಫೋನಿನಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಬ್ರಾಡ್ ಗೇಜ್ ಬಂತು, ಜೋಡಿ ಹಳಿ ಬಂತು. ಓಡುವ ಗಾಡಿಗೆ ಬೆತ್ತದ ಬಳೆಯಲ್ಲಿ ಟೋಕನ್ ಕೊಡುವ ಕೆಲಸ ಹೋಯಿತು, ಸಂಬಳ ಬ್ಯಾಂಕಿಗೆ ಹೋಯಿತು. ಕಂಟ್ರೋಲಿನ ಮಾತು ರೆಕಾರ್ಡ್ ಆಗತೊಡಗಿದ ಮೇಲೆ ಹರಟೆ ನಿಂತಿತು. ಅದು ನಿಲ್ಲಬೇಕಾದದ್ದೇ, ನಿದ್ದೆಗಣ್ಣಿನ ಹರಟೆ ನಡುವೆ ಒಂದು ನಂಬರ್ ತಪ್ಪಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಈಗ ಸುದ್ದಿ ಮೊಬೈಲಿನ ಗುಂಪಿನಲ್ಲಿ ಬರುತ್ತದೆ. ರೈಲ್ವೆಯಲ್ಲಿ ರಿಟೈರಾಗುವುದು ತಿಂಗಳ ಕೊನೆಯ ದಿನವಾದ್ದರಿಂದ ಅವತ್ತು ಶಾಲು, ಹಾರದ ಫೋಟೊಗಳ ಸುರಿಮಳೆ. ಮೊನ್ನೆ ಬಂದದ್ದು ನನ್ನ ಜೊತೆ ದುಡಿದ ಪಾಯಿಂಟ್ಸ್‌ಮನ್ ಒಬ್ಬನದು. ಕೆಳಗೆ ಅವನೇ ಒಂದು ಸಾಲು ಸೇರಿಸಿದ್ದ: ಮಗಳು ಅಸಿಸ್ಟೆಂಟ್ ಲೋಕೊ ಪೈಲಟ್ ಆಗಿದ್ದಾಳೆ, ಪೋಸ್ಟಿಂಗ್ ಹುಬ್ಬಳ್ಳಿ, ಅಲ್ಲಿ ಬಾಡಿಗೆ ಮನೆ ಇದ್ದರೆ ತಿಳಿಸಿ.